ನಾಟಕಕ್ಕೆ ಹೋದೆವು, ಪೇಟಿಯೇ ಇರಲಿಲ್ಲ!

ವಿಡಿಯೊದಲ್ಲಿ ಕತ್ತಲಿದೆ, ನನ್ನ ಮುಖ ಕಾಣುವುದಿಲ್ಲ, ನಷ್ಟವೇನೂ ಇಲ್ಲ. ನನ್ನ ಹಿಂದೆ ದೀಪದ ಸರ ಹಾಕಿಕೊಂಡಿರುವುದೇ ದಾವಣಗೆರೆಯ ಈ ಕಂಪನಿ ನಾಟಕದ ಥಿಯೇಟರ್. ಸುತ್ತ ತಗಡು, ಮೇಲೆ ತಾಡಪಾಲು. ಮುಂದಿನ ಸಾಲಿಗೆ 250 ರೂಪಾಯಿ. ನೂರರ ಸೀಟು ಸಾಲದೇ ಎಂದು ದೊಡ್ಡಪ್ಪ ಗೊಣಗಿದರು. ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುವ ಮಾಸ್ತರರ ಬೆರಳು ಕಾಣಬೇಕಲ್ಲ, ಅದಕ್ಕೇ ಮುಂದೆ.

ಮುಂಬೈಯಲ್ಲಿರುವ ಗೆಳೆಯನೊಬ್ಬ ಆಪರಾ, ಅಂದರೆ ಪಾಶ್ಚಾತ್ಯರ ಹಾಡುನಾಟಕ, ನೋಡಿ ಬಂದವನು ವಾರವಿಡೀ ಅದನ್ನೇ ಕೊಚ್ಚಿಕೊಂಡ. ಅಲ್ಲಿಯ ರಾಯಲ್ ಆಪರಾ ಹೌಸ್ 1911ರದು, ಆಪರಾ ಹಾಡುವವರು ಮೈಕ್ ಮುಟ್ಟುವುದಿಲ್ಲ, ಇತ್ಯಾದಿ. ಅಯ್ಯಾ, ನಮ್ಮ ಗುಬ್ಬಿ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ! ನಮ್ಮಲ್ಲೂ ನಟರೇ ಹಾಡುತ್ತಿದ್ದರು, ಹಿಂದಿನ ಬೆಂಚಿಗೂ ಕೇಳುವಂತೆ. ಜನ ‘ಒನ್ಸ್ ಮೋರ್’ ಎಂದು ಕೂಗಿದರೆ ಸತ್ತುಬಿದ್ದ ಪಾತ್ರವೂ ಎದ್ದು ಇನ್ನೊಮ್ಮೆ ಹಾಡುತ್ತಿತ್ತಂತೆ. ನಮ್ಮ ದಾವಣಗೆರೆಯ ಚಿಂದೋಡಿ ಲೀಲಾ ಅವರು ನಟಿಸಿ, ಕಂಪನಿಯನ್ನೂ ನಡೆಸಿ, 1988ರಲ್ಲಿ ಪದ್ಮಶ್ರೀ ಪಡೆದವರು. ಈ ಊರಿನಲ್ಲಿ ನಿಂತು ಆಪರಾ ಎಂದು ಬಾಯಿ ಬಿಡಬೇಕೇ? ಈ ನಾಟಕದ ಕರಪತ್ರದಲ್ಲಿ ‘ಸಂಗೀತಮಯ’ ಎಂದು ಬೇರೆ ಅಚ್ಚಾಗಿತ್ತು.

ಮೂರನೆಯ ಗಂಟೆ ಇದು, ಕೇಳಿ. ಪರದೆ ಮೇಲೇರುತ್ತಿದೆ. ಅರಮನೆಯ ಸೀನರಿ ಚೆನ್ನಾಗಿದೆ, ಅದಕ್ಕೆ ಪೂರ್ತಿ ಅಂಕ. ಬಲಗಡೆಯ ಕಂಬ ಸ್ವಲ್ಪ ಬಾಗಿದೆ, ಯಾರೋ ಹಿಂದೆ ಒರಗಿ ನಿಂತಿರಬೇಕು.

ಈಗ ರಂಗದ ಮುಂದೆ ವಾದ್ಯದವರು ಕೂರುವ ಗುಂಡಿ ನೋಡಿ. ಅಲ್ಲಿ ಕಾಲುಪೇಟಿ ಇರಬೇಕು, ಪಕ್ಕದಲ್ಲಿ ತಬಲಾ. ಇರುವುದು ಒಬ್ಬ ಹುಡುಗ, ಒಂದು ಕೀಬೋರ್ಡ್, ಒಂದು ಲ್ಯಾಪ್‌ಟಾಪ್. ದೊಡ್ಡಪ್ಪ ಅವನನ್ನೇ ಕರೆದು, “ತಮ್ಮಾ, ಮಾಸ್ತರರು ಇನ್ನೂ ಬಂದಿಲ್ಲವೇ?” ಎಂದರು. “ನಾನೇ ಅಜ್ಜಾರೇ” ಎಂದ. ದೊಡ್ಡಪ್ಪ ಶಾಲು ಸರಿಮಾಡಿಕೊಂಡು ಸುಮ್ಮನಾದರು.

ಆರಂಭದ ಪ್ರಾರ್ಥನೆ, ನಾಂದಿಯೂ ಲ್ಯಾಪ್‌ಟಾಪಿನಿಂದಲೇ ಬಂತು. ಹೋಗಲಿ ಎಂದೆ. ನಾಯಕನ ಮೊದಲ ಹಾಡು, ಸಿನಿಮಾದ್ದು, ಧ್ವನಿಯೂ ಸಿನಿಮಾದವರದೇ. ಈತ ತುಟಿ ಆಡಿಸುತ್ತಾನೆ. ನಡುವೆ ಏನೋ ಸಿಕ್ಕಿಕೊಂಡು ಒಂದೇ ಸಾಲು ಮತ್ತೆ ಮತ್ತೆ ಬರತೊಡಗಿತು. ನಾಯಕಿ ಕೈ ಚಾಚಿದವಳು ಹಾಗೆಯೇ ನಿಂತಳು, ಬಳೆ ಮಾತ್ರ ಅಲುಗುತ್ತಿದ್ದವು. ಹುಡುಗ ಗುಂಡಿ ಒತ್ತುತ್ತಾನೆ, ನಿಲ್ಲುವುದಿಲ್ಲ. ಕೊನೆಗೆ ತಂತಿಯನ್ನೇ ಕಿತ್ತ. ಆ ಮೌನದಲ್ಲಿ ನಾಯಕ ಹಾಡಬಹುದಿತ್ತು! ಒಂದೇ ಒಂದು ಸಾಲು, ಶ್ರುತಿ ತಪ್ಪಿದರೂ ನಾನೇ ಎದ್ದು ‘ಒನ್ಸ್ ಮೋರ್’ ಎನ್ನುತ್ತಿದ್ದೆ. ಆತ ವಾಚು ನೋಡಿಕೊಂಡ. ರಾಜನ ವೇಷ, ಕೈಯಲ್ಲಿ ವಾಚು! ಹಿಂದಿನ ಸಾಲಿನವರು ಸಿಳ್ಳೆ ಹೊಡೆದರು. ನನ್ನ 250 ರೂಪಾಯಿ ಹೋದದ್ದು ಅಲ್ಲಿಯೇ.

ಮೇಲಿನಿಂದ ಮೈಕ್‌ಗಳು ಇಳಿಬಿದ್ದಿವೆ, ಕಂಡವೇ? ಮಾತಿನ ಸರದಿ ಬಂದವರು ಅದರ ಕೆಳಗೆ ಬಂದು ನಿಲ್ಲಬೇಕು. ಖಳನಾಯಕ ಕತ್ತಿ ಹಿರಿದು ಓಡಿಬಂದ, ಮೈಕಿನ ಕೆಳಗೆ ನಿಂತ, ಬೈದ, ಆಮೇಲೆ ಹೋಗಿ ಇರಿದ.

ಆದರೆ ಹಾಸ್ಯದವನು ಗಟ್ಟಿಗ. ಎರಡರ್ಥದ ಮಾತು ಜಾಸ್ತಿ, ಮಕ್ಕಳನ್ನು ಕರೆತಂದವರು ಕತ್ತು ತಗ್ಗಿಸಿದರು; ಅದು ನನಗೆ ಹಿಡಿಸಲಿಲ್ಲ. ಆದರೂ ಅವನು ಮೈಕಿನ ಹಂಗಿಲ್ಲದೆ ಕಡೆಯ ಸಾಲಿನವರನ್ನೂ ನಗಿಸಿದ. ತಂತಿ ಕಿತ್ತಾಗ ಓಡಿಬಂದು, “ಮಹಾರಾಜರ ಕರೆಂಟ್ ಬಿಲ್ ಬಾಕಿಯಿದೆ” ಎಂದವನೂ ಅವನೇ. ದೊಡ್ಡಪ್ಪ ನಕ್ಕದ್ದು ಆಗ ಮಾತ್ರ.

ಕಲಾವಿದರನ್ನು ಬೈಯಲು ಮನಸ್ಸಿಲ್ಲ. ದಿನಕ್ಕೆ ಎರಡು ಆಟ ಆಡಿ, ಥಿಯೇಟರಿನ ಹಿಂದೆಯೇ ಅಡುಗೆ ಮಾಡಿಕೊಂಡು ಇರುವವರು. ಮಾಲೀಕರನ್ನು ಬೈಯುತ್ತೇನೆ: ಒಬ್ಬ ಪೇಟಿ ಮಾಸ್ತರನಿಗೆ ಸಂಬಳ ಕೊಡಲಾಗದಿದ್ದರೆ ‘ಸಂಗೀತಮಯ’ ಎಂದು ಅಚ್ಚು ಹಾಕಿಸಬೇಡಿ. ಇಂಥ ಕಂಪನಿ ನಾಟಕಗಳ ವೃತ್ತಿ ರಂಗಭೂಮಿಗೆಂದೇ ಸರ್ಕಾರದ ರಂಗಸಂಸ್ಥೆ ರಂಗಾಯಣ ಬಂದಿರುವ ಊರಿದು, ಹಾಡುವವರು ಸಿಗುವುದಿಲ್ಲ ಎಂದರೆ ನಾನು ನಂಬುವುದಿಲ್ಲ.

ಆಟ ಮುಗಿಯಿತು. ಈ ಹೊತ್ತಿನಲ್ಲಿ ಬೆಣ್ಣೆ ದೋಸೆ ಎಲ್ಲಿಯ ಮಾತು, ಮಂಡಕ್ಕಿ ಮಿರ್ಚಿ ಗಾಡಿಯೊಂದು ಇತ್ತು, ಅದರಲ್ಲೂ ಮಿರ್ಚಿ ಖಾಲಿ. ಭಾನುವಾರ ಬೇರೆ ನಾಟಕವಂತೆ. ಹೋಗುವುದಿಲ್ಲ. ಹಾಸ್ಯದವನು ಇದ್ದರೆ ಹೋಗಬಹುದು, ನೂರರ ಸೀಟಿಗೆ. ಆಟೊದವರು ಒಂದೂವರೆ ಪಟ್ಟು ಕೇಳುತ್ತಿದ್ದಾರೆ, ದೊಡ್ಡಪ್ಪ ಆಗಲೇ ಜಗಳಕ್ಕೆ ನಿಂತರು, ಕ್ಯಾಮೆರಾ ಇಡುತ್ತೇನೆ.