ಸೈನಿಕರು ಹೋದ ಮೇಲೆ ವೋಬಾನ್

ಕೇಳುಗರೇ, ನಮಸ್ಕಾರ.

ಜರ್ಮನಿಯ ನೈರುತ್ಯ ಮೂಲೆಯಲ್ಲಿ, ಫ್ರಾನ್ಸ್ ಗಡಿಗೆ ಹತ್ತಿರ, ಫ್ರೈಬುರ್ಗ್ ಅಂತ ಒಂದು ಊರಿದೆ. ಅದರ ದಕ್ಷಿಣ ಅಂಚಿನಲ್ಲಿರುವ ಬಡಾವಣೆ ವೋಬಾನ್. ಐದು ಸಾವಿರಕ್ಕೂ ಜಾಸ್ತಿ ಜನ ಅಲ್ಲಿ ವಾಸವಾಗಿದ್ದಾರೆ. 1992ರವರೆಗೆ ಅದು ಫ್ರೆಂಚ್ ಸೇನೆಯ ನೆಲೆಯಾಗಿತ್ತು.

ಅಲ್ಲಿನ ಬ್ಯಾರಕ್‌ಗಳನ್ನು ಕಟ್ಟಿದ್ದು ಫ್ರೆಂಚರಲ್ಲ. 1930ರ ದಶಕದಲ್ಲಿ ಹಿಟ್ಲರನ ಸೇನೆ ಕಟ್ಟಿ, ಶ್ಲಾಗೆಟರ್ ಎಂಬಾತನ ಹೆಸರಿಟ್ಟಿತ್ತು. ಆತ ಅದೇ ಸೀಮೆಯವನು. ರೈಲು ಮಾರ್ಗಕ್ಕೆ ಬಾಂಬ್ ಇಟ್ಟ ಎಂದು 1923ರಲ್ಲಿ, ಆಗ ಜರ್ಮನಿಯ ಒಂದು ಭಾಗವನ್ನು ಆಕ್ರಮಿಸಿಕೊಂಡಿದ್ದ ಫ್ರೆಂಚರು ಅವನನ್ನು ಗುಂಡಿಟ್ಟು ಕೊಂದಿದ್ದರು. ನಾಜಿಗಳ ಕಣ್ಣಿಗೆ ಆತ ಹುತಾತ್ಮ. 1945ರಲ್ಲಿ ಗೆದ್ದು ಬಂದ ಫ್ರೆಂಚರು ಅಂಥ ಹೆಸರನ್ನು ಉಳಿಸ್ತಾರಾ? ಅಳಿಸಿ ವೋಬಾನ್ ಎಂದಿಟ್ಟರು. ಈ ವೋಬಾನ್ 17ನೇ ಶತಮಾನದ ಫ್ರೆಂಚ್ ಇಂಜಿನಿಯರ್. ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿ ಫ್ರೈಬುರ್ಗನ್ನು ಗೆದ್ದಾಗ ಅಲ್ಲಿ ಕೋಟೆ ಕಟ್ಟಿಸಿದವನು. ಅಂದರೆ ಸೋತವರನ್ನು ಕೆಣಕುವ ಹೆಸರೇ. ಆದರೂ ಸೈನಿಕರು ಹೋದ ಮೇಲೆ ಜರ್ಮನರು ಅದನ್ನು ಬದಲಿಸಲಿಲ್ಲ.

ಶೀತಲ ಸಮರ ಮುಗಿದು, ಎರಡು ಜರ್ಮನಿಗಳು ಒಂದಾಗಿ, ಫ್ರೆಂಚರು ಜಾಗ ಖಾಲಿ ಮಾಡಿದರು. ಸುಮಾರು 40 ಹೆಕ್ಟೇರ್ ನೆಲ. ನಗರಸಭೆ ನಕ್ಷೆ ಬರೆಯುವ ಹೊತ್ತಿಗೇ ಮನೆ ಸಿಗದ ಯುವಕರು, ವಿದ್ಯಾರ್ಥಿಗಳು ಖಾಲಿ ಬ್ಯಾರಕ್‌ಗಳಿಗೆ ಬೇಡಿಕೆ ಇಟ್ಟಿದ್ದರು. 'ಸೂಸಿ' ಎಂಬ ಗುಂಪು ಹಟ ಹಿಡಿದು ನಾಲ್ಕು ಕಟ್ಟಡ ಪಡೆಯಿತು. ಅವರೇ ಗಾರೆ ಕೆಲಸ ಮಾಡಿ ರಿಪೇರಿ ಮಾಡಿಕೊಂಡರು. ಇನ್ನೂ ಕೆಲವು ಹಾಸ್ಟೆಲ್ ಆದವು. ಉಳಿದವನ್ನು ಕೆಡವಿದರೂ ಹಳೆಯ ಮರಗಳನ್ನು ಮುಟ್ಟಲಿಲ್ಲ. ಎಷ್ಟೋ ಕಡೆ ನಾಲ್ಕಾರು ಕುಟುಂಬಗಳು ಸೇರಿ, ತಾವೇ ಆರ್ಕಿಟೆಕ್ಟನ್ನು ಹಿಡಿದು ಮನೆ ಕಟ್ಟಿಸಿಕೊಂಡವು.

ನನಗೆ ತುಂಬಾ ಹಿಡಿಸಿದ್ದು ಅಲ್ಲಿನ ಕಾರಿನ ಲೆಕ್ಕಾಚಾರ. ಹೆಚ್ಚಿನ ಬೀದಿಗಳಲ್ಲಿ ಕಾರು ನಿಲ್ಲಿಸುವ ಹಾಗಿಲ್ಲ. ಸಾಮಾನು ಇಳಿಸೋಕೆ ನಿಧಾನವಾಗಿ ಬಂದು ಹೋಗಬಹುದು, ಅಷ್ಟೇ. ಕಾರು ಬೇಕೇ ಬೇಕು ಅನ್ನುವವರು ಬಡಾವಣೆಯ ಅಂಚಿನ ಬಹುಮಹಡಿ ಗ್ಯಾರೇಜಿನಲ್ಲಿ ಸಾವಿರಾರು ಯೂರೋ ಕೊಟ್ಟು ಜಾಗ ಕೊಳ್ಳಬೇಕು. ಆದರೆ ರಾಜ್ಯದ ಕಾನೂನಿನ ಪ್ರಕಾರ ಪ್ರತಿ ಮನೆಗೂ ಒಂದು ಕಾರಿನ ಜಾಗ ಇರಲೇಬೇಕಿತ್ತು. ಕಾರೇ ಇಲ್ಲದವರು ಏನು ಮಾಡಬೇಕು? ಅವರಿಗಾಗಿ ಒಂದು ಸಂಘವೇ ಹುಟ್ಟಿತು. ತಮ್ಮ ಬಳಿ ಕಾರಿಲ್ಲ ಎಂದು ಬರೆದುಕೊಟ್ಟು, ಒಂದಿಷ್ಟು ಹಣ ಕಟ್ಟಿದರೆ ಆಯಿತು. ಮುಂದೆಂದಾದರೂ ಬೇಕಾದೀತು ಎಂದು ಸಂಘ ಒಂದು ಜಾಗವನ್ನು ಕಾದಿರಿಸಿತು. ಕಾಗದದ ಮೇಲೆ ಅದು ಪಾರ್ಕಿಂಗ್, ಕಣ್ಣಿಗೆ ಕಾಣುವುದು ಹುಲ್ಲುಗಾವಲು. ಕಾನೂನೂ ಮುರಿಯಲಿಲ್ಲ, ಕಾಂಕ್ರೀಟೂ ಬೀಳಲಿಲ್ಲ. ಟ್ರಾಮ್ ಬಂದದ್ದು 2006ರಲ್ಲಿ. ಅಲ್ಲಿಯವರೆಗೂ ಬಸ್ಸು, ಸೈಕಲ್ಲು.

ಪಕ್ಕದಲ್ಲೇ ಆರ್ಕಿಟೆಕ್ಟ್ ರೋಲ್ಫ್ ಡಿಶ್ ಕಟ್ಟಿದ 59 ಸೌರ ಮನೆಗಳಿವೆ. ಖರ್ಚಿಗಿಂತ ಜಾಸ್ತಿ ಶಕ್ತಿ ಉತ್ಪಾದಿಸುವಂತೆ ರೂಪಿಸಿದ ಮನೆಗಳವು. ಫೋಟೋಗಳಲ್ಲಿ ಜಾಸ್ತಿ ಕಾಣುವುದು ಇವೇ. ನನಗೇನೋ ಸೂಸಿಯವರ ಹಳೇ ಬ್ಯಾರಕ್‌ಗಳೇ ದೊಡ್ಡ ಸಂಗತಿ ಅನಿಸುತ್ತದೆ. ಹೊಸ ಮನೆ ಕಟ್ಟಿಸಿಕೊಂಡವರಲ್ಲಿ ಓದಿ ಒಳ್ಳೆ ಕೆಲಸ ಹಿಡಿದವರೇ ಹೆಚ್ಚು. ಬಡವರಿಗೆ ಅಲ್ಲಿ ಜಾಗ ಕಡಿಮೆಯೇ. ಬಡಾವಣೆಯ ಬಾಗಿಲಲ್ಲೇ ಉಳಿದಿದ್ದ ಖಾಲಿ ನಿವೇಶನದಲ್ಲಿ ಕೆಲವರು ಹಳೇ ವ್ಯಾನು, ಟ್ರೇಲರ್‌ಗಳಲ್ಲಿ ಸಂಸಾರ ಹೂಡಿದ್ದರು. 2011ರಲ್ಲಿ ಪೊಲೀಸರು ಬಂದು ಅವರನ್ನು ಎಬ್ಬಿಸಿದರು. ಈಗ ಅಲ್ಲಿರುವುದು ಪರಿಸರಸ್ನೇಹಿ ಹೋಟೆಲ್.

ನಮಸ್ಕಾರ.