ಷೇರಿನ ಬೆಲೆ ಬಿಡಿ, ಎಣಿಕೆ ನೋಡಿ

ಎಲ್ಲರಿಗೂ ನಮಸ್ಕಾರ.

ಬ್ರಾಂಪ್ಟನ್, ಮಿಸಿಸಾಗಾ, ಸ್ಕಾರ್‌ಬರೋ ಮನೆಗಳಲ್ಲಿ ಭಾನುವಾರದ ಕಾಫಿ ಕುಡಿಯುತ್ತಾ ಕೇಳುತ್ತಿರುವವರಿಗೆ ನಮಸ್ಕಾರ. ರಾತ್ರಿ ಪಾಳಿ ಮುಗಿಸಿ ಕಾರಿನಲ್ಲಿ ಮನೆಗೆ ಹೊರಟವರಿಗೂ ನಮಸ್ಕಾರ. ನಾನು ಭೂವಿಜ್ಞಾನಿ. ಹುಟ್ಟಿದ್ದು ಕೋಲಾರ ಜಿಲ್ಲೆಯ ಒಂದು ಹಳ್ಳಿ. ಕೆಲಸ ಮಾಡಿದ್ದು ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಉತ್ತರದಲ್ಲಿ, ಅಥಾಬಾಸ್ಕಾ ಬೇಸಿನ್ ಅನ್ನುವ ಕಡೆ. ಅಲ್ಲಿನ ಅದಿರಿನಲ್ಲಿ ಇರುವಷ್ಟು ಯುರೇನಿಯಂ ಪ್ರಪಂಚದ ಬೇರೆ ಕಡೆಯ ಅದಿರಿನಲ್ಲಿ ಇಲ್ಲ. ಹತ್ತೊಂಬತ್ತು ಚಳಿಗಾಲ ಅಲ್ಲಿನ ಕ್ಯಾಂಪುಗಳಲ್ಲಿ ಕಳೆದಿದ್ದೇನೆ. ಕೆರೆ ಹೆಪ್ಪುಗಟ್ಟಿದ ಮೇಲೆ ಅದರ ಮೇಲೇ ಡ್ರಿಲ್ ಯಂತ್ರ ನಿಲ್ಲಿಸಿ ನೆಲ ಕೊರೆಯುತ್ತೇವೆ. ಮೇಲೆ ಬಂದ ಕಲ್ಲಿನ ಕಂಬಿಗಳನ್ನು ಪೆಟ್ಟಿಗೆಯಲ್ಲಿ ಜೋಡಿಸಿ, ಒಂದೊಂದು ಅಂಗುಲವನ್ನೂ ನೋಡಿ ಬರೆದಿಡುವುದು ನನ್ನ ಕೆಲಸವಾಗಿತ್ತು. ಆ ಕೆಲಸ ನನಗೆ ಈಗಲೂ ಪ್ರಾಣ.

ಇವತ್ತಿನ ವಿಷಯ ಯುರೇನಿಯಂ ಹುಡುಕುವ ಚಿಕ್ಕ ಕಂಪನಿಗಳ ಷೇರು. ಈಚೆಗೆ ಎಲ್ಲಿ ಹೋದರೂ ಜನ ಇದನ್ನೇ ಕೇಳುತ್ತಾರೆ. ರಾಜ್ಯೋತ್ಸವದ ಊಟದ ಸಾಲಿನಲ್ಲಿ ನಿಂತಾಗ ಒಬ್ಬ ಹುಡುಗ ಫೋನ್ ತೋರಿಸಿ ಕೇಳಿದ. "ಸಾರ್, ಈ ಷೇರು ಬರೀ ಹನ್ನೆರಡು ಸೆಂಟ್. ಅಗ್ಗ ಅಲ್ವಾ?"

ಅಲ್ಲ. ದಯವಿಟ್ಟು ಈ ಒಂದು ಮಾತು ಕೇಳಿಸಿಕೊಳ್ಳಿ. ಹನ್ನೆರಡು ಸೆಂಟ್ ಅನ್ನುವುದು ಬೆಲೆಯೇ ಅಲ್ಲ. ಆ ಕಂಪನಿಯ ಷೇರು 60 ಕೋಟಿ ಇದ್ದರೆ ಇಡೀ ಕಂಪನಿಗೆ ನೀವು ಕಟ್ಟುತ್ತಿರುವ ಬೆಲೆ 7 ಕೋಟಿ 20 ಲಕ್ಷ ಡಾಲರ್. ಪಕ್ಕದ ಕಂಪನಿಯ ಷೇರು ಎರಡು ಡಾಲರ್ ಇದೆ, ಆದರೆ ಇರುವುದೇ 2 ಕೋಟಿ ಷೇರು ಅಂತ ಇಟ್ಟುಕೊಳ್ಳಿ. ಅದಕ್ಕೆ ಬೆಲೆ 4 ಕೋಟಿ ಡಾಲರ್. ಹನ್ನೆರಡು ಸೆಂಟಿನದೇ ದುಬಾರಿ. ಬೆಲೆ ಬಿಡಿ, ಎಣಿಕೆ ನೋಡಿ. ಈ ಹದಿನೈದು ನಿಮಿಷದಲ್ಲಿ ನಾನು ಇದನ್ನೇ ಐದಾರು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಎಣಿಕೆ ಯಾಕೆ ಅಷ್ಟು ಮುಖ್ಯ? ಅದಿರು ಹುಡುಕುವ ಕಂಪನಿ ಏನು ಮಾರುತ್ತದೆ ಅಂತ ಯೋಚಿಸಿ. ಯುರೇನಿಯಂ ಮಾರುವುದಿಲ್ಲ. ಮಾರಲು ಅದರ ಹತ್ತಿರ ಒಂದು ಚಮಚವೂ ಇಲ್ಲ. ಅದು ಮಾರುವುದು ತನ್ನ ಷೇರನ್ನು. ಡ್ರಿಲ್ ಯಂತ್ರದ ಬಾಡಿಗೆ, ಹೆಲಿಕಾಪ್ಟರ್, ಕ್ಯಾಂಪಿನ ಡೀಸೆಲ್, ನನ್ನಂಥವರ ಸಂಬಳ, ವ್ಯಾಂಕೂವರ್ ಆಫೀಸಿನ ಖರ್ಚು, ಎಲ್ಲಾ ಅದರಿಂದಲೇ ನಡೆಯಬೇಕು. ಬ್ಯಾಂಕಿನವರು ಇಂಥ ಕಂಪನಿಗೆ ಸಾಲ ಕೊಡುವುದಿಲ್ಲ. ದುಡ್ಡು ಖರ್ಚಾಯಿತು, ಹೊಸ ಷೇರು ಅಚ್ಚಾಯಿತು. ಮತ್ತೆ ಖರ್ಚಾಯಿತು, ಮತ್ತೆ ಅಚ್ಚಾಯಿತು. ಪ್ರತಿ ಸಲವೂ ನಿಮ್ಮ ಪಾಲು ಕರಗುತ್ತದೆ.

ಇದು ನನಗೆ ಕಾಲೇಜಿನಲ್ಲಿ ಗೊತ್ತಾಗಿದ್ದಲ್ಲ. ನಮ್ಮಪ್ಪ ಬೋರ್ ಕೊರೆಸಿದಾಗ ಗೊತ್ತಾಯಿತು.

1996. ನಮ್ಮ ತೆರೆದ ಬಾವಿ ಬತ್ತಿಹೋಗಿ ಎರಡು ವರ್ಷವಾಗಿತ್ತು. ಅಮ್ಮನ ಬಳೆ ಅಡವಿಟ್ಟು ಅಪ್ಪ ಬೋರ್ ಕೊರೆಸಲು ಹೊರಟರು. ನೀರು ನೋಡುವವರು ಬಂದರು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲವೆಲ್ಲ ನಡೆದರು. ಕಾಯಿ ಎದ್ದು ನಿಂತ ಕಡೆ ಕಲ್ಲು ನೆಟ್ಟರು. ತಿರುಚೆಂಗೋಡಿನ ಲಾರಿ ಬಂತು. ಕೋಲಾರದ ಕಡೆಯವರಿಗೆ ಆ ಲಾರಿಯ ಸದ್ದು ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ರಾತ್ರಿಯೆಲ್ಲ ಕೊರೆದರು. ಪಕ್ಕದ ಅವರೆ ಹೊಲದ ಮೇಲೆಲ್ಲ ಬಿಳೀ ಕಲ್ಲುಪುಡಿ. 520 ಅಡಿಗೆ ದುಡ್ಡು ಮುಗಿಯಿತು. ಬರೀ ಧೂಳು. ಬೋರ್ ಫೇಲ್.

ಎರಡನೇ ಬೋರಿಗೆ ಕೈಯಲ್ಲಿ ಕಾಸಿಲ್ಲ. ಆಗ ನಮ್ಮ ಸೋದರಮಾವ ದುಡ್ಡು ಹಾಕಿದರು. ಸುಮ್ನೆ ಯಾರು ಹಾಕುತ್ತಾರೆ? ನೀರು ಬಿದ್ದರೆ ಅರ್ಧ ಮಾವನಿಗೆ ಅಂತ ಮಾತಾಯಿತು. ನಮ್ಮ ಕಡೆ ನೀರನ್ನು ಪಾಳಿಯ ಲೆಕ್ಕದಲ್ಲಿ ಹಂಚುತ್ತಾರೆ. ಎಂಟು ದಿನದ ಪಾಳಿ ಅಂತ ಇಟ್ಟುಕೊಂಡರು. ನಾಲ್ಕು ದಿನ ನಮಗೆ, ನಾಲ್ಕು ದಿನ ಮಾವನಿಗೆ. ಎರಡನೇ ಬೋರೂ ಫೇಲಾಯಿತು. 700 ಅಡಿ.

ಮೂರನೆಯದಕ್ಕೆ ಪಕ್ಕದ ಹೊಲದ ಇಬ್ಬರು ಸೇರಿಕೊಂಡರು. ಅವರಿಗೂ ಒಟ್ಟು ಅರ್ಧ ಪಾಲು. ಈಗ ಅವರದು ನಾಲ್ಕು ದಿನ, ಮಾವನದು ಎರಡು, ನಮ್ಮದು ಎರಡು. ಲಾರಿ ಮತ್ತೆ ಬಂತು. ನಾನು ಆಗ ಎಂಟನೇ ಕ್ಲಾಸು. ಲಾರಿ ಹುಡುಗ ಒಂದೊಂದು ರಾಡ್ ಇಳಿಸಿದಾಗಲೂ ಬೆರಳು ಮಡಚಿ ಎಣಿಸುತ್ತಿದ್ದೆ. 840 ಅಡಿ. ಬೆಳಗಿನ ಜಾವ. ಪುಡಿ ಇದ್ದಕ್ಕಿದ್ದ ಹಾಗೆ ಒದ್ದೆಯಾಯಿತು. ಆಮೇಲೆ ಕೆಸರು. ಆಮೇಲೆ ನೀರು. ಎರಡಿಂಚು ನೀರು! ಅಪ್ಪ ಓಡಿಹೋಗಿ ಆ ಕೆಸರು ನೀರಿಗೇ ಬೊಗಸೆ ಒಡ್ಡಿದರು. ಗಂಗಮ್ಮ ಬಂದಳು ಅಂತ ಊರೇ ಸೇರಿತು. ಕಾಯಿ ಒಡೆದರು, ಪೂಜೆ ಮಾಡಿದರು, ಸಿಹಿ ಹಂಚಿದರು. ನಾನು ಭೂವಿಜ್ಞಾನ ಓದಿದ್ದೇ ಆ ಬೆಳಗಿನಿಂದ. ಇವತ್ತಿಗೂ ಡ್ರಿಲ್ಲಿನ ಪಕ್ಕ ನಿಂತರೆ ನನಗೆ ಆ ಬೆಳಗ್ಗೆಯೇ ನೆನಪಾಗುವುದು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ನೀರು 840 ಅಡಿ ಕೆಳಗಿದೆ. ಅದನ್ನು ಮೇಲೆತ್ತಲು ಮೋಟಾರು ಬೇಕು. ಪೈಪು, ಕೇಬಲ್ಲು, ಸ್ಟಾರ್ಟರು, ಕರೆಂಟು. ಕೊರೆದಿದ್ದಕ್ಕಿಂತ ಇದಕ್ಕೆ ಜಾಸ್ತಿ ದುಡ್ಡು. ಟೊಮೆಟೊ ಮಂಡಿಯವರೊಬ್ಬರು ಕೊಡಲು ಒಪ್ಪಿದರು. ಅವರಿಗೂ ಅರ್ಧ. ಈಗ ಎಂಟು ದಿನದಲ್ಲಿ ನಾಲ್ಕು ದಿನ ಮಂಡಿಯವರದು. ಪಕ್ಕದ ಹೊಲದವರಿಗೆ ಎರಡು, ಮಾವನಿಗೆ ಒಂದು. ನಮಗೆ ಒಂದು.

ಮೊದಲು ಎಂಟಕ್ಕೆ ಎಂಟೂ ನಮ್ಮದಾಗಿತ್ತು. ಆಮೇಲೆ ನಾಲ್ಕಾಯಿತು. ಆಮೇಲೆ ಎರಡು. ಕೊನೆಗೆ ಒಂದು. ಯಾರೂ ಮೋಸ ಮಾಡಲಿಲ್ಲ. ಮಾವ ಒಳ್ಳೆಯವರು, ಮಂಡಿಯವರೂ ಮಾತಿಗೆ ತಪ್ಪಲಿಲ್ಲ. ನೀರು ಬಂದಿದ್ದೂ ನಿಜ. ಅವತ್ತು ರಾತ್ರಿ ಅಮ್ಮ ಹೇಳಿದ್ದು ನನ್ನ ಕಿವಿಯಲ್ಲಿ ಹಾಗೇ ಇದೆ. "ನೀರು ಎಷ್ಟಿಂಚು ಬಿತ್ತು ಅಂತ ಊರೆಲ್ಲ ಕೇಳುತ್ತೆ. ನಮ್ಮ ಪಾಳಿ ಎಷ್ಟು ದಿನ ಅಂತ ಒಬ್ಬರೂ ಕೇಳಲಿಲ್ಲ."

ಷೇರಿನ ಎಣಿಕೆ ಅಂದರೆ ಇದೇ. ಕಂಪನಿಯವರು ಪ್ರಕಟಣೆ ಹೊರಡಿಸುತ್ತಾರೆ, ಇಷ್ಟು ಮೀಟರ್ ಆಳದಲ್ಲಿ ಇಷ್ಟು ಪರ್ಸೆಂಟ್ ಯುರೇನಿಯಂ ಸಿಕ್ಕಿತು ಅಂತ. ಅದು ಎಷ್ಟಿಂಚು ನೀರು ಅನ್ನುವ ಲೆಕ್ಕ. ನಿಮ್ಮ ಪಾಳಿ ಎಷ್ಟು ದಿನ?

ಇನ್ನು ಮೋಟಾರಿನ ವಿಷಯ. ಬೋರಿಗೆ ಮೋಟಾರು ಹೇಗೋ, ಅದಿರಿಗೆ ಗಣಿ ಹಾಗೆ. ಸಿಗಾರ್ ಲೇಕ್ ಅಂತ ಇದೇ ಅಥಾಬಾಸ್ಕಾದಲ್ಲಿ ಒಂದು ಗಣಿ ಇದೆ. ಅಲ್ಲಿ ಅದಿರು ಪತ್ತೆಯಾಗಿದ್ದು 1981ರಲ್ಲಿ. 2006ರಲ್ಲಿ, ಗಣಿ ಕಟ್ಟುತ್ತಿರುವಾಗಲೇ, ಒಳಗೆ ನೀರು ನುಗ್ಗಿ ಮುಳುಗಿತು. 2008ರಲ್ಲಿ ಇನ್ನೊಂದು ಸಲ ನೀರು ನುಗ್ಗಿತು. ಅದಿರು ತೆಗೆಯಲು ಶುರುಮಾಡಿದ್ದು 2014ರಲ್ಲಿ. 33 ವರ್ಷ! ಅದರ ಹಿಂದೆ ಕ್ಯಾಮೆಕೊದಂಥ ದೊಡ್ಡ ಕಂಪನಿ ಇತ್ತು, ತಡೆದುಕೊಂಡಿತು. ಚಿಕ್ಕ ಕಂಪನಿ ಅಷ್ಟು ವರ್ಷ ಏನು ತಿಂದು ಬದುಕಬೇಕು? ನಿಮ್ಮ ಪಾಲನ್ನೇ.

ಅಷ್ಟರಲ್ಲಿ ಯುರೇನಿಯಂ ಬೆಲೆ ಒಂದೇ ಕಡೆ ನಿಲ್ಲುವುದಿಲ್ಲ. 2001ರ ಹೊತ್ತಿಗೆ ಒಂದು ಪೌಂಡಿಗೆ 7 ಡಾಲರ್ ಆಸುಪಾಸು ಇತ್ತು. 2007ರ ಜೂನ್‌ನಲ್ಲಿ 136 ಡಾಲರ್ ತಲುಪಿತು. 2011ರ ಮಾರ್ಚ್‌ನಲ್ಲಿ ಫುಕುಶಿಮಾ ಅಣುಸ್ಥಾವರದ ದುರಂತ ಆಯಿತು, ಜಪಾನ್ ತನ್ನ ರಿಯಾಕ್ಟರುಗಳನ್ನೆಲ್ಲ ನಿಲ್ಲಿಸಿತು. ಬಿದ್ದು ಬಿದ್ದು 2016ರ ಕೊನೆಗೆ 20 ಡಾಲರಿಗಿಂತ ಕೆಳಗೆ ಬಂತು. 2024ರ ಜನವರಿಯಲ್ಲಿ ಮತ್ತೆ 100 ದಾಟಿತು. ಬೆಲೆ ಬಿದ್ದ ವರ್ಷಗಳೇ ಅಪಾಯ. ಹತ್ತು ಲಕ್ಷ ಡಾಲರ್ ಎತ್ತಬೇಕು ಅಂದುಕೊಳ್ಳಿ. ಷೇರು ಒಂದು ಡಾಲರ್ ಇದ್ದರೆ ಹತ್ತು ಲಕ್ಷ ಹೊಸ ಷೇರು ಸಾಕು. ಹತ್ತು ಸೆಂಟಿಗೆ ಇಳಿದಿದ್ದರೆ ಒಂದು ಕೋಟಿ ಷೇರು ಅಚ್ಚು ಹಾಕಬೇಕು. ನೀವು ಮಾರದೆ ತಾಳ್ಮೆಯಿಂದ ಕಾದಿರಿ, ಸರಿ. ಕಾಯುತ್ತಿರುವಾಗಲೇ ನಿಮ್ಮ ನಾಲ್ಕು ದಿನ ಎರಡು ದಿನವಾಗಿರುತ್ತದೆ.

ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಪ್ಯಾಲಡಿನ್ ಅಂತ ಒಂದು ಕಂಪನಿ ಇದೆ. 2003ರಲ್ಲಿ ಅದರ ಷೇರು ಒಂದು ಸೆಂಟ್ ಆಸುಪಾಸು ಇತ್ತು. 2007ರಲ್ಲಿ 10 ಡಾಲರ್ ದಾಟಿತು. ಎಲ್ಲರೂ ಈ ಅರ್ಧ ಕಥೆ ಮಾತ್ರ ಹೇಳುತ್ತಾರೆ. ನನಗೆ ಸಿಟ್ಟು ಬರುವುದು ಅದಕ್ಕೇ. ಉಳಿದರ್ಧ ಕೇಳಿ. ಆ ಕಂಪನಿ ಸಾಲ ಮಾಡಿತು. ನಮೀಬಿಯಾದಲ್ಲಿ ಲ್ಯಾಂಗರ್ ಹೈನ್‌ರಿಕ್ ಗಣಿ ಕಟ್ಟಿತು, ಮಲಾವಿಯಲ್ಲಿ ಇನ್ನೊಂದು ಕಟ್ಟಿತು. ಯುರೇನಿಯಂ ತೆಗೆದು ಮಾರಿತು ಕೂಡ. ಬೆಲೆ ಬಿತ್ತು, ಸಾಲ ತೀರಿಸಲು ಆಗಲಿಲ್ಲ, 2017ರಲ್ಲಿ ಕಂಪನಿ, ಸಾಲ ತೀರಿಸಲಾಗದ ಕಂಪನಿಗಳಿಗೆ ನೇಮಿಸುವ ಹೊರಗಿನ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಮುಂದಿನ ವರ್ಷ ಸಾಲ ಕೊಟ್ಟವರ ಜೊತೆ ಒಪ್ಪಂದವಾಯಿತು. ಹಳೆಯ ಷೇರುದಾರರ ಕೈಯಲ್ಲಿ ಉಳಿದಿದ್ದು ನೂರಕ್ಕೆ ಎರಡು ಪಾಲು. ಲ್ಯಾಂಗರ್ ಹೈನ್‌ರಿಕ್ ಗಣಿ 2024ರಲ್ಲಿ ಮತ್ತೆ ಶುರುವಾಯಿತು. ಅದಿರು ಎಲ್ಲೂ ಓಡಿಹೋಗಿರಲಿಲ್ಲ. ಪಾಲು ಓಡಿಹೋಗಿತ್ತು.

ಹಾಗಾದರೆ ಇದರಲ್ಲಿ ಗೆದ್ದವರೇ ಇಲ್ಲವೇ? ಇದ್ದಾರೆ, ನಮ್ಮ ಅಥಾಬಾಸ್ಕಾದಲ್ಲೇ ಇದ್ದಾರೆ. ಹಾಥೋರ್ ಅಂತ ಚಿಕ್ಕ ಕಂಪನಿ. 2008ರಲ್ಲಿ ರಫ್‌ರೈಡರ್ ಅನ್ನುವ ನಿಕ್ಷೇಪ ಅದಕ್ಕೆ ಸಿಕ್ಕಿತು. 2011ರಲ್ಲಿ ಕ್ಯಾಮೆಕೊ ಬಂದು ಷೇರಿಗೆ 3 ಡಾಲರ್ 75 ಸೆಂಟ್ ಕೊಡುತ್ತೇನೆ ಅಂದಿತು. ರಿಯೊ ಟಿಂಟೊ ಅನ್ನುವ ಇನ್ನೊಂದು ದೊಡ್ಡ ಗಣಿ ಕಂಪನಿ ಅದಕ್ಕಿಂತ ಮೇಲೆ ಕೂಗಿತು. ಹರಾಜು ಏರಿ ಏರಿ 4 ಡಾಲರ್ 70 ಸೆಂಟಿಗೆ ರಿಯೊ ಟಿಂಟೊ ಪಾಲಾಯಿತು. ಒಟ್ಟು ಸುಮಾರು 65 ಕೋಟಿ ಕೆನಡಾ ಡಾಲರ್. ಭಾಗಿಸಿ ನೋಡಿ, ಸುಮಾರು 14 ಕೋಟಿ ಷೇರು. ಅದೇ 60 ಕೋಟಿ ಷೇರು ಇದ್ದಿದ್ದರೆ? ಅದೇ ಅದಿರು, ಅದೇ 65 ಕೋಟಿ, ಆದರೆ ಒಂದು ಷೇರಿಗೆ ಒಂದು ಡಾಲರಿನ ಮೇಲೆ ಚಿಲ್ಲರೆ ಸಿಗುತ್ತಿತ್ತು. ಮತ್ತೊಂದು ವಿಷಯ ಗಮನಿಸಿ. ಆ ಚಿಕ್ಕ ಷೇರುದಾರರು ಮೋಟಾರಿಗೆ ದುಡ್ಡು ಹಾಕಬೇಕಾಗಲಿಲ್ಲ. ಅದಕ್ಕೆ ಮೊದಲೇ ಮಾರಿ ಹೊರಬಂದರು. ರಿಯೊ ಟಿಂಟೊ ಹತ್ತು ವರ್ಷ ಇಟ್ಟುಕೊಂಡು, ಗಣಿ ಕಟ್ಟದೆ, 2022ರಲ್ಲಿ ಅದೇ ನಿಕ್ಷೇಪವನ್ನು 15 ಕೋಟಿ ಅಮೆರಿಕನ್ ಡಾಲರಿಗೆ ಮಾರಿಬಿಟ್ಟಿತು.

ಸಮಯ ಓಡುತ್ತಿದೆ. ಉಳಿದಿದ್ದನ್ನು ಬೇಗ ಹೇಳಿಬಿಡುತ್ತೇನೆ.

ಪ್ರಕಟಣೆಯಲ್ಲಿ ಸಿಪಿಎಸ್ ಅಂತ ಬರುತ್ತದೆ. ಸೆಕೆಂಡಿಗೆ ಇಷ್ಟು ಎಣಿಕೆ ಅಂತ. ಅದು ನಾವು ಕ್ಯಾಂಪಿನಲ್ಲಿ ಕಲ್ಲಿನ ಮೇಲೆ ಹಿಡಿಯುವ, ವಿಕಿರಣ ಅಳೆಯುವ ಯಂತ್ರದ ಲೆಕ್ಕ. ಯಂತ್ರ ಜೋರಾಗಿ ಕಿರುಚಿದರೆ ನಮಗೂ ಮೈ ಜುಮ್ ಅನ್ನುತ್ತದೆ, ನಿಜ. ಆದರೆ ಕಲ್ಲಿನಲ್ಲಿ ಯುರೇನಿಯಂ ಎಷ್ಟಿದೆ ಅಂತ ಹೇಳುವುದು ಪ್ರಯೋಗಾಲಯ. ಆ ವರದಿ ಬರುವ ತನಕ ಕಾಯಿರಿ.

ಫ್ಲೋ-ಥ್ರೂ ಷೇರು ಅಂತ ಇದೆ. ಹುಡುಕಾಟದ ಖರ್ಚಿನ ತೆರಿಗೆ ವಿನಾಯಿತಿಯನ್ನು ಕಂಪನಿ ಷೇರು ಕೊಂಡವರಿಗೆ ಬಿಟ್ಟುಕೊಡುತ್ತದೆ. ತೆರಿಗೆ ಉಳಿಯುತ್ತದೆ ಅಂತ ದೊಡ್ಡ ಆದಾಯದವರು ಕೊಳ್ಳುತ್ತಾರೆ. ಹೀಗೆ ಖಾಸಗಿಯಾಗಿ ಹಂಚಿದ ಷೇರನ್ನು ಸಾಮಾನ್ಯವಾಗಿ ನಾಲ್ಕು ತಿಂಗಳು ಮಾರುವಂತಿಲ್ಲ. ನಾಲ್ಕು ತಿಂಗಳು ಮುಗಿದ ದಿನ ಅವರಲ್ಲಿ ಎಷ್ಟೋ ಜನ ಮಾರುತ್ತಾರೆ. ಅವತ್ತು ಕೊಳ್ಳುವವರು ನೀವಾಗಿರುತ್ತೀರಿ. ತಾರೀಖು ಬರೆದಿಟ್ಟುಕೊಳ್ಳಿ. ಷೇರಿನ ಜೊತೆ ವಾರಂಟ್ ಕೊಟ್ಟಿದ್ದರೆ ಅದನ್ನೂ ಎಣಿಸಿ. ವಾರಂಟ್ ಅಂದರೆ ಮುಂದೆ ಗೊತ್ತಾದ ಬೆಲೆಗೆ ಹೊಸ ಷೇರು ಕೊಳ್ಳುವ ಹಕ್ಕು. ಅದು ಇನ್ನೂ ಹುಟ್ಟದ ಷೇರು. ಹತ್ತು ಷೇರು ಸೇರಿಸಿ ಒಂದು ಮಾಡಿದ ಕಂಪನಿಯಾದರೆ ಹಳೆಯ ಎಣಿಕೆಯನ್ನೂ ಹುಡುಕಿ. ಅದನ್ನು ಮರೆಸಿ ಬರೀ ಹೊಸ ಎಣಿಕೆ ತೋರಿಸಿದರೆ ನಂಬಬೇಡಿ.

ನಮ್ಮ ಯಾದಗಿರಿ ಜಿಲ್ಲೆಯ ಗೋಗಿಯಲ್ಲೂ ಯುರೇನಿಯಂ ಇದೆಯಲ್ಲ, ಅದರ ಷೇರು ಸಿಗುತ್ತದೆಯೇ ಅಂತ ಒಬ್ಬರು ಫೋನ್ ಮಾಡಿ ಕೇಳಿದ್ದರು. ಗೋಗಿಯಲ್ಲಿ ಹುಡುಕಿದ್ದು ಕೇಂದ್ರ ಸರ್ಕಾರದ ಪರಮಾಣು ಖನಿಜ ನಿರ್ದೇಶನಾಲಯ, ಸರ್ಕಾರದ ದುಡ್ಡಿನಲ್ಲಿ. ಅಲ್ಲಿ ಕೊಳ್ಳಲು ಷೇರು ಇಲ್ಲ.

ಎಣಿಕೆ ಎಲ್ಲಿ ಸಿಗುತ್ತದೆ? ಷೇರುಪೇಟೆಯ ನಿಯಂತ್ರಕರು ನಡೆಸುವ ಸೆಡಾರ್ ಪ್ಲಸ್ ಅನ್ನುವ ಜಾಲತಾಣದಲ್ಲಿ ಕೆನಡಾದ ಪ್ರತಿ ಲಿಸ್ಟೆಡ್ ಕಂಪನಿಯ ಕಾಗದಪತ್ರ ಇರುತ್ತದೆ. ಪುಕ್ಕಟೆ. ಹಣಕಾಸಿನ ವರದಿಯ ಜೊತೆ ಆಡಳಿತದವರು ಬರೆಯುವ ವಿವರಣೆ ಇರುತ್ತದೆ, ಅದನ್ನು ತೆಗೆಯಿರಿ. ಷೇರು ಎಷ್ಟಿವೆ ಅಂತ ಅದರಲ್ಲಿ ಬೇರೆಯಾಗಿ ಬರೆದಿರುತ್ತಾರೆ. ಆ ಸಂಖ್ಯೆ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮೂರು ವರ್ಷ ಹಿಂದಿನ ಅದೇ ಕಾಗದ ತೆಗೆದು ಆಗಿನ ಸಂಖ್ಯೆಯನ್ನು ಪಕ್ಕದಲ್ಲಿ ಬರೆಯಿರಿ. ಬ್ಯಾಂಕಿನಲ್ಲಿ ಎಷ್ಟು ದುಡ್ಡಿದೆ, ತಿಂಗಳಿಗೆ ಎಷ್ಟು ಖರ್ಚಾಗುತ್ತಿದೆ ಅನ್ನುವುದೂ ಅಲ್ಲೇ ಇದೆ. ಭಾಗಿಸಿದರೆ ಮುಂದಿನ ಸಲ ಷೇರು ಅಚ್ಚು ಹಾಕುವುದು ಯಾವಾಗ ಅಂತ ನಿಮಗೇ ಗೊತ್ತಾಗುತ್ತದೆ. ಅರ್ಧ ಗಂಟೆಯ ಕೆಲಸ.

ಮುಂದಿನ ಭಾನುವಾರ ಯುಗಾದಿ ಕಾರ್ಯಕ್ರಮಕ್ಕೆ ನಾನೂ ಬರುತ್ತೇನೆ. ಊಟವಾದ ಮೇಲೆ ಹಾಲ್‌ನ ಹಿಂದಿನ ಮೇಜಿನ ಹತ್ತಿರ ಕೂತಿರುತ್ತೇನೆ. ಕೇಳುವವರು ಆ ಹಾಳೆ ತನ್ನಿ, ಒಟ್ಟಿಗೆ ನೋಡೋಣ. ಕಂಪನಿಯ ಹೆಸರು, ಆಗಿನ ಎಣಿಕೆ, ಈಗಿನ ಎಣಿಕೆ, ಅಷ್ಟೇ ಸಾಕು. ಬೆಲೆ ಬರೆದು ತರಬೇಡಿ.

ನಮಸ್ಕಾರ.