ಗುರುತಿನ ಚೀಟಿಯ ಮೇಲಿನ ಒಂದು ಪದ

ಕೇಳುಗರಿಗೆ ನಮಸ್ಕಾರ.

ಮಲೇಷ್ಯಾದಲ್ಲಿ 12 ವರ್ಷ ತುಂಬಿದ ಪ್ರತಿಯೊಬ್ಬ ಪ್ರಜೆಯೂ ಸರ್ಕಾರ ಕೊಡುವ ಗುರುತಿನ ಚೀಟಿಯೊಂದನ್ನು ಪಡೆದಿರಬೇಕು. ಅದರ ಈಗಿನ ರೂಪಕ್ಕೆ ಅಲ್ಲಿನ ಜನ ‘ಮೈಕಾಡ್’ ಎನ್ನುತ್ತಾರೆ. ಅಂಗೈಯೊಳಗೆ ಅಡಗುವ ಪ್ಲಾಸ್ಟಿಕ್ ಚೀಟಿ. ಅದರ ಮೇಲೆ ಭಾವಚಿತ್ರ, ಹೆಸರು, ವಿಳಾಸ ಮತ್ತು 12 ಅಂಕಿಗಳ ಒಂದು ಸಂಖ್ಯೆ. ಆ ಸಂಖ್ಯೆಯ ಮೊದಲ ಆರು ಅಂಕಿಗಳನ್ನು ಓದಿದರೆ ಹುಟ್ಟಿದ ದಿನ ತಿಳಿಯುತ್ತದೆ. ಹಿಂದೂಗಳ, ಬೌದ್ಧರ, ಕ್ರೈಸ್ತರ ಚೀಟಿಯ ಮುಖದ ಮೇಲೆ ಮತದ ಹೆಸರು ಕಾಣುವುದಿಲ್ಲ. ಮುಸ್ಲಿಮರ ಚೀಟಿಯಲ್ಲಿ ಮಾತ್ರ ‘ಇಸ್ಲಾಂ’ ಎಂಬ ಪದ ಅಚ್ಚಾಗಿರುತ್ತದೆ. ತನ್ನ ಹೆಸರನ್ನು ಬದಲಿಸಿಕೊಡಿ ಎಂದು 1997ರಲ್ಲಿ ಅರ್ಜಿ ಹಿಡಿದು ಹೊರಟು, ಮುಂದೆ ಆ ಪದವನ್ನೂ ತೆಗೆಯಿರಿ ಎಂದು ಕೇಳಿದ ಹೆಣ್ಣುಮಗಳೊಬ್ಬರು ಹತ್ತು ವರ್ಷ ಅಲೆದು, ಹೆಸರನ್ನು ಪಡೆದು, ಪದದ ಮುಂದೆ ಸೋತರು. ಇಂದಿನ ನನ್ನ ಮಾತು ಆ ಸೋಲಿನ ಸುತ್ತ ಇದೆ.

ಅವರ ಹುಟ್ಟುಹೆಸರು ಅಜ್ಲೀನಾ ಜೈಲಾನಿ. 1964ರಲ್ಲಿ ಮುಸ್ಲಿಂ ಕುಟುಂಬದಲ್ಲಿ ಹುಟ್ಟಿದವರು. 1990ರ ಹೊತ್ತಿಗೆ ಚರ್ಚಿಗೆ ಹೋಗಲಾರಂಭಿಸಿ, 1998ರ ಮೇ ತಿಂಗಳಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. ಲೀನಾ ಜಾಯ್ ಎಂಬುದು ಅವರು ತಾವೇ ಆರಿಸಿಕೊಂಡ ಹೆಸರು. ಮತಾಂತರವನ್ನು ಕಾರಣವಾಗಿ ತೋರಿಸಿದ ಅರ್ಜಿಯನ್ನು ನೋಂದಣಿ ಇಲಾಖೆ ತಿರಸ್ಕರಿಸಿತು. ಮತದ ಮಾತನ್ನೇ ಎತ್ತದೆ, ಹೆಸರು ಬದಲಿಸಿಕೊಳ್ಳುವ ಇಷ್ಟವಿದೆ ಎಂದಷ್ಟೇ ಬರೆದುಕೊಟ್ಟಾಗ 1999ರಲ್ಲಿ ಹೊಸ ಹೆಸರಿಗೆ ಒಪ್ಪಿಗೆ ಸಿಕ್ಕಿತು. ಆದರೆ ಅಷ್ಟರಲ್ಲಿ ಮುಸ್ಲಿಮರ ಚೀಟಿಯ ಮೇಲೆ ಮತವನ್ನು ಕಾಣಿಸಲೇಬೇಕೆಂಬ ನಿಯಮ ಆ ವರ್ಷದ ಅಕ್ಟೋಬರ್ ತಿಂಗಳಿನಿಂದ ಜಾರಿಗೆ ಬಂದಿತ್ತು. ಹೀಗಾಗಿ ಕೈಗೆ ಬಂದ ಚೀಟಿಯಲ್ಲಿ ಹೆಸರು ಲೀನಾ ಜಾಯ್ ಎಂದಿತ್ತು, ಮತ ಇಸ್ಲಾಂ ಎಂದಿತ್ತು. 2000ದ ಜನವರಿಯಲ್ಲಿ ಅದನ್ನು ತೆಗೆಯಿರಿ ಎಂದು ಮತ್ತೆ ಇಲಾಖೆಯ ಕಿಟಕಿಯ ಮುಂದೆ ನಿಂತಾಗ ಬಂದ ಉತ್ತರ, ಇಸ್ಲಾಮಿನಿಂದ ಹೊರಬಂದಿದ್ದೇನೆ ಎಂಬುದಕ್ಕೆ ಷರಿಯಾ ನ್ಯಾಯಾಲಯದ ಆದೇಶವನ್ನು ತನ್ನಿ ಎಂದು.

ಒಂದು ಪದಕ್ಕೆ ಇಷ್ಟು ಹಟವೇಕೆ, ನಂಬಿಕೆ ಮನಸ್ಸಿನಲ್ಲಿದ್ದರೆ ಸಾಲದೆ ಎಂದು ಕೇಳುವವರಿದ್ದಾರೆ. ಸಾಲದು. ಮಲೇಷ್ಯಾದಲ್ಲಿ ಮದುವೆಯ ಕಾನೂನು ಎರಡು ಕವಲಾಗಿದೆ. 1976ರ ವಿವಾಹ ಮತ್ತು ವಿಚ್ಛೇದನ ಕಾಯ್ದೆ ಮುಸ್ಲಿಮರಿಗೆ ಅನ್ವಯಿಸುವುದಿಲ್ಲ. ಮುಸ್ಲಿಮರ ಮದುವೆ ಷರಿಯಾದ ಪ್ರಕಾರ, ಮುಸ್ಲಿಮರ ಜೊತೆಗೇ ನಡೆಯಬೇಕು. ಲೀನಾ ಜಾಯ್ ಅವರು ಕೈಹಿಡಿಯಬೇಕೆಂದಿದ್ದ ವ್ಯಕ್ತಿ ಕ್ರೈಸ್ತರು. ಚೀಟಿಯಲ್ಲಿ ಆ ಪದ ಇರುವವರೆಗೆ ಅವರಿಬ್ಬರ ಮದುವೆಯನ್ನು ದಾಖಲಿಸುವ ಕಚೇರಿ ಆ ದೇಶದಲ್ಲಿರಲಿಲ್ಲ. ಮಕ್ಕಳಾದರೆ ಆ ಮಕ್ಕಳ ಮತ, ಸತ್ತರೆ ಆಸ್ತಿಯ ಹಂಚಿಕೆ, ಹೆಣವನ್ನು ಯಾವ ಮಣ್ಣಿನಲ್ಲಿಡಬೇಕೆಂಬುದು, ಎಲ್ಲಕ್ಕೂ ಆ ಪದವೇ ಆಧಾರ.

ಈ ವ್ಯವಸ್ಥೆ ಧರ್ಮಗ್ರಂಥದಿಂದ ನೇರವಾಗಿ ಇಳಿದು ಬಂದದ್ದೆಂದು ತಿಳಿದರೆ ನಾವು ತಪ್ಪುತ್ತೇವೆ. ಅದರ ಒಂದು ಬೇರು ಬ್ರಿಟಿಷರ ಕಾಲದ ರಾಜಕಾರಣದಲ್ಲಿದೆ. 1874ರ ಪಂಗಕೋರ್ ಒಪ್ಪಂದದಲ್ಲಿ ಪೆರಾಕ್ ಸಂಸ್ಥಾನಕ್ಕೆ ಬ್ರಿಟಿಷ್ ರೆಸಿಡೆಂಟನೊಬ್ಬ ಬಂದು ಕುಳಿತ. ಆಡಳಿತದ ಎಲ್ಲ ವಿಷಯಗಳಲ್ಲೂ ಅವನ ಸಲಹೆಯನ್ನು ಕೇಳಿ ನಡೆಯಬೇಕು, ಮಲಯರ ಧರ್ಮ ಮತ್ತು ಆಚಾರಗಳನ್ನು ಬಿಟ್ಟು ಎಂಬುದು ಕರಾರು. ಕಂದಾಯ, ತವರದ ಗಣಿ, ಪೊಲೀಸು ಎಲ್ಲವೂ ಕೈತಪ್ಪಿದ ಮೇಲೆ ಸುಲ್ತಾನರಿಗೆ ಉಳಿದದ್ದು ಧರ್ಮವೊಂದೇ. ಉಳಿದ ಒಂದೇ ಗದ್ದೆಗೆ ಬೇಲಿ ಬಿಗಿಯಾಗಿ ಹಾಕುವುದು ಸಹಜ. ಇಂದಿಗೂ 13 ರಾಜ್ಯಗಳಲ್ಲಿ ಒಂಬತ್ತಕ್ಕೆ ಪಾರಂಪರಿಕ ಅರಸರಿದ್ದಾರೆ. ತಮ್ಮ ತಮ್ಮ ರಾಜ್ಯದಲ್ಲಿ ಇಸ್ಲಾಮಿನ ಮುಖ್ಯಸ್ಥರು ಅವರೇ. ಷರಿಯಾ ನ್ಯಾಯಾಲಯಗಳೂ ರಾಜ್ಯಗಳ ಪಟ್ಟಿಗೆ ಸೇರಿವೆ.

ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1956ರಲ್ಲಿ, ಸಂವಿಧಾನ ರಚನೆಗೆಂದು ಲಾರ್ಡ್ ರೀಡ್ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ಆಯೋಗದಲ್ಲಿ ಅಲಹಾಬಾದ್ ಹೈಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಬಿ. ಮಲಿಕ್ ಅವರಿದ್ದರು, ಪಾಕಿಸ್ತಾನದ ನ್ಯಾಯಮೂರ್ತಿ ಅಬ್ದುಲ್ ಹಮೀದ್ ಅವರೂ ಇದ್ದರು. ಇಸ್ಲಾಂ ಒಕ್ಕೂಟದ ಧರ್ಮವಾಗಬೇಕೆಂಬ ವಿಧಿಯನ್ನು ಆಯೋಗದ ಬಹುಮತ ಶಿಫಾರಸು ಮಾಡಲಿಲ್ಲ. ಹಮೀದ್ ಅವರು ಪ್ರತ್ಯೇಕ ಟಿಪ್ಪಣಿ ಬರೆದು ಅದನ್ನು ಬೇಕೆಂದರು. ವಿಚಿತ್ರವೆಂದರೆ, ಆರಂಭದಲ್ಲಿ ಅರಸರಿಗೂ ಆ ವಿಧಿ ಬೇಡವಾಗಿತ್ತು, ಧರ್ಮದ ಮೇಲಿನ ತಮ್ಮ ಹಿಡಿತ ಒಕ್ಕೂಟದ ಪಾಲಾದೀತೆಂಬ ಆತಂಕದಿಂದ. ಕೊನೆಗೆ 3ನೇ ವಿಧಿ ಇಸ್ಲಾಮನ್ನು ಒಕ್ಕೂಟದ ಧರ್ಮವೆಂದು ಕರೆದು, ಉಳಿದ ಧರ್ಮಗಳನ್ನೂ ಶಾಂತಿಯಿಂದ ಆಚರಿಸಬಹುದು ಎಂದಿತು. 11ನೇ ವಿಧಿ ಪ್ರತಿಯೊಬ್ಬ ವ್ಯಕ್ತಿಗೂ ತನ್ನ ಧರ್ಮವನ್ನು ನಂಬುವ, ಆಚರಿಸುವ ಹಕ್ಕನ್ನು ಕೊಟ್ಟು, ಮುಸ್ಲಿಮರ ನಡುವೆ ಅನ್ಯಮತ ಪ್ರಚಾರವನ್ನು ನಿರ್ಬಂಧಿಸುವ ಅಧಿಕಾರವನ್ನು ಕಾನೂನಿಗೆ ಬಿಟ್ಟಿತು. ಪ್ರತಿಯೊಬ್ಬ ವ್ಯಕ್ತಿಗೂ ಎಂಬ ಮಾತಿನಲ್ಲಿ ಮುಸ್ಲಿಮನಾಗಿ ಹುಟ್ಟಿದವನೂ ಸೇರುತ್ತಾನಲ್ಲವೇ? ಲೀನಾ ಜಾಯ್ ಅವರ ವಾದವೆಲ್ಲ ನಿಂತದ್ದು ಈ ಒಂದು ಪ್ರಶ್ನೆಯ ಮೇಲೆ.

ಇದಕ್ಕೆ ಎದುರಾಗಿ ನಿಂತದ್ದು 160ನೇ ವಿಧಿ. ಮಲಯ ಎಂದರೆ ಯಾರು ಎಂಬುದಕ್ಕೆ ಸಂವಿಧಾನ ಅಲ್ಲಿ ಕೊಟ್ಟಿರುವ ಲಕ್ಷಣದಲ್ಲಿ ಇಸ್ಲಾಮನ್ನು ಅನುಸರಿಸುವುದು, ರೂಢಿಯಲ್ಲಿ ಮಲಯ ಭಾಷೆಯನ್ನಾಡುವುದು, ಮಲಯ ಆಚಾರಕ್ಕೆ ಬದ್ಧವಾಗಿರುವುದು ಸೇರಿವೆ. ಜನಾಂಗವನ್ನು ಮತದಿಂದ ಗುರುತಿಸುವ ಈ ವಿಧಿಯಿಂದಾಗಿ ಮಲಯರೊಬ್ಬರು ಮತ ಬಿಟ್ಟರೆ ಕಾನೂನಿನ ಕಣ್ಣಿನಲ್ಲಿ ಜನಾಂಗವನ್ನೂ ಬಿಟ್ಟಂತೆ. 153ನೇ ವಿಧಿಯು ಮಲಯರಿಗೆ ನೌಕರಿ, ವಿದ್ಯಾರ್ಥಿವೇತನ, ಪರವಾನಗಿಗಳಲ್ಲಿ ಕೊಡುವ ವಿಶೇಷ ಸ್ಥಾನವೂ ಅದರೊಂದಿಗೆ ತಳಕು ಹಾಕಿಕೊಂಡಿದೆ. 2020ರ ಜನಗಣತಿಯಂತೆ ದೇಶದಲ್ಲಿ ಮುಸ್ಲಿಮರು ಶೇ 63.5. ಒಬ್ಬರು ಹೊರಹೋದರೆ ಕದಲುವ ಸಂಖ್ಯೆ ಇದಲ್ಲ. ಆದರೂ ‘ಮುರ್ತದ್’, ಎಂದರೆ ಮತಭ್ರಷ್ಟ, ಎಂಬ ಪದ ಅಲ್ಲಿ ರಾಜಕೀಯ ಸಭೆಗಳಲ್ಲಿ ಎಬ್ಬಿಸುವ ಕಳವಳಕ್ಕೆ ದೇವರ ಭಯದಷ್ಟೇ ಜನಾಂಗ ಕರಗೀತೆಂಬ ಭಯವೂ ಕಾರಣವೆಂದು ನನಗೆ ತೋರುತ್ತದೆ. ಲೀನಾ ಜಾಯ್ ಹೂಡಿದ ಮೊಕದ್ದಮೆಯಲ್ಲಿ 2001ರಲ್ಲಿ ಹೈಕೋರ್ಟು ಇದನ್ನು ಮುಚ್ಚುಮರೆಯಿಲ್ಲದೆ ಹೇಳಿತು: ಮಲಯಳಾಗಿ ಹುಟ್ಟಿದಾಕೆ ಸಾಯುವ ದಿನದವರೆಗೂ ಮುಸ್ಲಿಮಳೇ.

ನಾವು ಈ ದೂರದಿಂದ ಬೆರಳು ತೋರಿಸುವಾಗ ನಮ್ಮ ಕಚೇರಿಗಳನ್ನೂ ನೆನೆಯಬೇಕು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ವ್ಯಕ್ತಿ ಕ್ರೈಸ್ತನೋ ಮುಸ್ಲಿಮನೋ ಆದರೆ ಆ ಸ್ಥಾನವನ್ನು ಕಳೆದುಕೊಳ್ಳುತ್ತಾನೆ. 2022ರಲ್ಲಿ ಕರ್ನಾಟಕದಲ್ಲಿ ಬಂದ ಕಾಯ್ದೆ, ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾಡಳಿತಕ್ಕೆ ತಿಳಿಸಬೇಕೆಂದಿತು. ಪ್ರಮಾಣದಲ್ಲಿ ಅಂತರ ದೊಡ್ಡದೇ. ಆದರೆ ನಂಬಿಕೆಗೆ ಸರ್ಕಾರಿ ಮೊಹರು ಕೇಳುವ ಚಾಳಿ ಒಂದು ದೇಶದ ಸ್ವತ್ತಲ್ಲ.

ಮತ್ತೆ ವಿಷಯಕ್ಕೆ ಬರುತ್ತೇನೆ. 1988ರಲ್ಲಿ ಸಂವಿಧಾನದ 121ನೇ ವಿಧಿಗೆ ಒಂದು ಉಪವಿಧಿ ಸೇರಿತು: ಷರಿಯಾ ನ್ಯಾಯಾಲಯಗಳ ವ್ಯಾಪ್ತಿಗೆ ಸೇರಿದ ವಿಷಯದಲ್ಲಿ ಸಿವಿಲ್ ನ್ಯಾಯಾಲಯಗಳಿಗೆ ಅಧಿಕಾರವಿಲ್ಲ. ಕ್ರೈಸ್ತಳಾದ ನಾನು ಮುಸ್ಲಿಮರಿಗಾಗಿ ಇರುವ ನ್ಯಾಯಾಲಯಕ್ಕೆ ಏಕೆ ಹೋಗಬೇಕು ಎಂದು ಲೀನಾ ಜಾಯ್ ಕೇಳಿದರು. ನೀವು ಮುಸ್ಲಿಮಳಲ್ಲ ಎಂದು ಆ ನ್ಯಾಯಾಲಯ ಹೇಳುವವರೆಗೆ ನೀವು ಮುಸ್ಲಿಮಳೇ ಎಂಬುದು ಸರ್ಕಾರದ ಉತ್ತರ. ಹೋಗಿದ್ದರೆ ಏನಾಗುತ್ತಿತ್ತು ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ನೆಗೆರಿ ಸೆಂಬಿಲಾನ್ ರಾಜ್ಯದ ಕಾನೂನಿನಲ್ಲಿ ಹೊರಹೋಗಲು ಒಂದು ವಿಧಾನವಿದೆ. ಅಲ್ಲಿಯೂ ಮೊದಲು ಪಶ್ಚಾತ್ತಾಪಕ್ಕೆ ಹೇಳಿ, ತಿಂಗಳುಗಟ್ಟಲೆ ಬುದ್ಧಿಮಾತಿಗೆ ಕಳುಹಿಸುತ್ತಾರೆ. ಮಲಕ್ಕಾದಲ್ಲಿ ಅಂಥವರನ್ನು 180 ದಿನಗಳವರೆಗೆ ‘ಪುನರ್ವಸತಿ’ ಕೇಂದ್ರದಲ್ಲಿ ಇರಿಸಬಹುದು. ಕೆಲಂತಾನ್ ರಾಜ್ಯ 1993ರಲ್ಲಿ ಮತತ್ಯಾಗಕ್ಕೆ ಮರಣದಂಡನೆಯನ್ನು ಬರೆದ ಶಾಸನವನ್ನೇ ಮಾಡಿತು. ಆದರೆ ಷರಿಯಾ ನ್ಯಾಯಾಲಯಗಳು ಮೂರು ವರ್ಷಕ್ಕಿಂತ ಹೆಚ್ಚಿನ ಸೆರೆ ವಿಧಿಸುವಂತಿಲ್ಲವೆಂಬ ಒಕ್ಕೂಟದ ಕಾನೂನು ಅಡ್ಡ ನಿಂತದ್ದರಿಂದ ಅದು ಜಾರಿಗೆ ಬರಲಿಲ್ಲ.

2007ರ ಮೇ 30ರಂದು ಆಡಳಿತ ರಾಜಧಾನಿಯಾದ ಪುತ್ರಜಯದಲ್ಲಿ, ದೇಶದ ಅತ್ಯುನ್ನತ ನ್ಯಾಯಾಲಯವಾದ ಒಕ್ಕೂಟ ನ್ಯಾಯಾಲಯದ ತೀರ್ಪು ಬಂತು. ನ್ಯಾಯಾಲಯದ ಹೊರಗೆ ನೂರಾರು ಜನ ಪ್ರಾರ್ಥಿಸುತ್ತ ಕಾದಿದ್ದರು. ತೀರ್ಪು ತಿಳಿದೊಡನೆ ‘ಅಲ್ಲಾಹು ಅಕ್ಬರ್’ ಎಂಬ ಘೋಷ ಎದ್ದಿತು. ಮೂವರಲ್ಲಿ ಇಬ್ಬರು ನ್ಯಾಯಮೂರ್ತಿಗಳು ಲೀನಾ ಜಾಯ್ ಅವರ ಮನವಿಯನ್ನು ತಳ್ಳಿಹಾಕಿದ್ದರು. ಮನಸ್ಸು ಬಂದಂತೆ ಮತವನ್ನು ಸೇರುವುದಾಗಲಿ ಬಿಡುವುದಾಗಲಿ ಆಗದು, ಸೇರುವಾಗ ಹೇಗೆ ಆ ಮತದ ನಿಯಮಗಳಿವೆಯೋ ಬಿಡುವಾಗಲೂ ಹಾಗೆಯೇ ಎಂಬುದು ಮುಖ್ಯ ನ್ಯಾಯಮೂರ್ತಿ ಅಹ್ಮದ್ ಫೈರೂಜ್ ಅವರ ವಾದದ ಸಾರ. ಮೂರನೆಯವರಾದ ರಿಚರ್ಡ್ ಮಲಂಜುಮ್ ಒಪ್ಪಲಿಲ್ಲ. ಮತತ್ಯಾಗವೇ ಅಪರಾಧವಾಗಿರುವ ರಾಜ್ಯಗಳಿರುವಾಗ ಷರಿಯಾ ಆದೇಶ ತಾ ಎನ್ನುವುದು ತನ್ನ ಅಪರಾಧಕ್ಕೆ ತಾನೇ ಸಾಕ್ಷಿ ಹೇಳು ಎಂದಂತೆ. ಅಂಥ ಆದೇಶ ಬೇಕೆಂದು ನೋಂದಣಿ ನಿಯಮಗಳಲ್ಲಿ ಎಲ್ಲೂ ಬರೆದಿಲ್ಲ. ಇತರರನ್ನು ಕೇಳದ್ದನ್ನು ಮುಸ್ಲಿಮರನ್ನು ಮಾತ್ರ ಕೇಳುವುದು ತಾರತಮ್ಯ ಎಂದು ಅವರು ಬರೆದರು. ನನಗೆ ಆ ಭಿನ್ನಮತವೇ ಹೆಚ್ಚು ಗಟ್ಟಿಯೆನಿಸುತ್ತದೆ, ಅದು ಧರ್ಮದ ಸತ್ಯಾಸತ್ಯದ ಜಗಳಕ್ಕೆ ಹೋಗದೆ ಗುಮಾಸ್ತನ ಮೇಜಿನ ಮೇಲಿನ ಕಾಗದದ ಬಗ್ಗೆಯೇ ಮಾತಾಡುತ್ತದೆ ಎಂಬ ಕಾರಣಕ್ಕೆ.

ಇದನ್ನು ಮುಸ್ಲಿಮರ ಮತ್ತು ಉಳಿದವರ ಜಗಳವೆಂದು ಕೇಳುಗರು ಭಾವಿಸಬಾರದು. ಈ ಮೊಕದ್ದಮೆಯಲ್ಲಿ ವಕೀಲರ ಪರಿಷತ್ತಿನ ಪರವಾಗಿ ಹಾಜರಾಗಿದ್ದ ಮಲಿಕ್ ಇಮ್ತಿಯಾಜ್ ಸರ್ವರ್ ಸ್ವತಃ ಮುಸ್ಲಿಮರು. 2006ರಲ್ಲಿ ಅವರಿಗೆ ಕೊಲೆ ಬೆದರಿಕೆ ಬಂತು. ಧರ್ಮದಲ್ಲಿ ಬಲಾತ್ಕಾರವಿಲ್ಲ ಎಂಬ ಕುರ್‌ಆನಿನ ಎರಡನೆಯ ಅಧ್ಯಾಯದ 256ನೆಯ ವಚನವನ್ನು ಮುಂದಿಟ್ಟು ವಾದಿಸುವ ವಿದ್ವಾಂಸರು ಆ ಸಮುದಾಯದ ಒಳಗೇ ಇದ್ದಾರೆ. 1948ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯಲ್ಲಿ ಮತ ಬದಲಿಸುವ ಸ್ವಾತಂತ್ರ್ಯವನ್ನು ಸೇರಿಸುವ ಚರ್ಚೆ ಬಂದಾಗ ಸೌದಿ ಅರೇಬಿಯ ವಿರೋಧಿಸಿತು. ಪಾಕಿಸ್ತಾನದ ವಿದೇಶಾಂಗ ಸಚಿವ ಜಫರುಲ್ಲಾ ಖಾನ್ ಕುರ್‌ಆನನ್ನೇ ಉದ್ಧರಿಸಿ ಬೆಂಬಲಿಸಿದರು. ಅವರು ಸೇರಿದ್ದ ಅಹ್ಮದಿಯಾ ಪಂಗಡವನ್ನು 1974ರಲ್ಲಿ ಅವರ ದೇಶದ ಸಂಸತ್ತೇ ಮುಸ್ಲಿಮೇತರ ಎಂದು ಘೋಷಿಸಿತು ಎಂಬುದನ್ನೂ ಹೇಳದೆ ಮುಂದೆ ಹೋಗಲಾರೆ.

ಹೊರಹೋಗುವ ಬಾಗಿಲಿನಲ್ಲಿ ಇಷ್ಟು ಕಾವಲಿದ್ದರೆ ಒಳಬರುವ ಬಾಗಿಲು ಹೇಗಿತ್ತು? ಪೆರಾಕ್ ರಾಜ್ಯದ ಈಪೋ ಪಟ್ಟಣದ ಶಿಶುವಿಹಾರದ ಶಿಕ್ಷಕಿ, ಹಿಂದೂ ಮಹಿಳೆ ಎಂ. ಇಂದಿರಾಗಾಂಧಿ ಅವರ ಪತಿ 2009ರಲ್ಲಿ ಇಸ್ಲಾಮಿಗೆ ಸೇರಿ, ಮೂವರು ಮಕ್ಕಳನ್ನೂ ಸೇರಿಸಿದಂತೆ ಪ್ರಮಾಣಪತ್ರ ಪಡೆದರು. ತಾಯಿಗೆ ತಿಳಿಸಿರಲಿಲ್ಲ, ಮಕ್ಕಳೂ ಆ ಕಚೇರಿಗೆ ಹೋಗಿರಲಿಲ್ಲ. ಕಿರಿಯ ಮಗಳಿಗೆ ಆಗ 11 ತಿಂಗಳು. ನಂಬಿಕೆಯ ವಚನವನ್ನು ಬಾಯಿಬಿಟ್ಟು ಹೇಳಬೇಕೆಂದು ಆ ರಾಜ್ಯದ ಕಾನೂನೇ ವಿಧಿಸುತ್ತದೆ. ಮಾತೇ ಬಾರದ ಕೂಸಿಗೂ ಪ್ರಮಾಣಪತ್ರ ಸಿಕ್ಕಿತ್ತು. ಒಂಬತ್ತು ವರ್ಷಗಳ ನಂತರ, 2018ರ ಜನವರಿ 29ರಂದು, ಒಕ್ಕೂಟ ನ್ಯಾಯಾಲಯ ಆ ಮತಾಂತರಗಳನ್ನು ರದ್ದುಮಾಡಿತು. ಮಕ್ಕಳ ಮತ ಬದಲಿಸಲು ತಂದೆ ತಾಯಿ ಇಬ್ಬರ ಒಪ್ಪಿಗೆಯೂ ಬೇಕೆಂದಿತು. 1988ರ ಉಪವಿಧಿಯಿದ್ದರೂ ಸಂವಿಧಾನದ ಪ್ರಶ್ನೆಗಳನ್ನು ಸಿವಿಲ್ ನ್ಯಾಯಾಲಯಗಳೇ ತೀರ್ಮಾನಿಸಬೇಕೆಂದು ಎತ್ತಿ ಹೇಳಿತು. ಅದು ದೊಡ್ಡ ತೀರ್ಪು, ನಿಜ. ಆದರೆ ತಂದೆ ಕರೆದೊಯ್ದಿದ್ದ ಆ ಕೂಸು ತೀರ್ಪಿನ ಬಳಿಕವೂ ವರ್ಷಗಟ್ಟಲೆ ತಾಯಿಯ ಮಡಿಲು ಸೇರಲಿಲ್ಲ.

ಚೀಟಿಯ ಮೇಲಿನ ಪದ ಮನುಷ್ಯನನ್ನು ಸ್ಮಶಾನದವರೆಗೂ ಬಿಡುವುದಿಲ್ಲ ಎಂದೆನಲ್ಲ, ಅದರ ಎರಡು ಪ್ರಸಂಗಗಳನ್ನು ಹೇಳುತ್ತೇನೆ. 1997ರಲ್ಲಿ ಎವರೆಸ್ಟ್ ಏರಲು ಹೋದ ಮಲೇಷ್ಯಾ ತಂಡದಲ್ಲಿದ್ದ ಸೈನಿಕ ಎಂ. ಮೂರ್ತಿ 2005ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರು ಇಸ್ಲಾಮಿಗೆ ಸೇರಿದ್ದರೆಂದು ಧಾರ್ಮಿಕ ಇಲಾಖೆ ಹೇಳಿತು. ಕೊನೆಯವರೆಗೂ ಹಿಂದೂವಾಗಿಯೇ ಬಾಳಿದರೆಂದು ಹೆಂಡತಿ ಹೇಳಿದರು. ಮುಸ್ಲಿಮರಲ್ಲದ ಆಕೆ ಷರಿಯಾ ನ್ಯಾಯಾಲಯದಲ್ಲಿ ನಿಲ್ಲುವಂತಿರಲಿಲ್ಲ. ಆ ನ್ಯಾಯಾಲಯ ಹೇಳಿದ್ದನ್ನು ಮುಟ್ಟುವ ಅಧಿಕಾರ ತನಗಿಲ್ಲವೆಂದು ಹೈಕೋರ್ಟು ಕೈಚೆಲ್ಲಿತು. ಮೂರ್ತಿಯವರನ್ನು ಮುಸ್ಲಿಂ ವಿಧಿಯಂತೆ ಹೂಳಲಾಯಿತು.

ಅದಾಗಿ ಒಂದು ತಿಂಗಳೂ ಕಳೆಯುವ ಮುನ್ನ, ನೆಗೆರಿ ಸೆಂಬಿಲಾನಿನಲ್ಲಿ 89 ವರ್ಷದ ವೃದ್ಧೆಯೊಬ್ಬರು ತೀರಿಕೊಂಡರು. ಮುಸ್ಲಿಮರಾಗಿ ಹುಟ್ಟಿ, ಚೀನೀ ಬೌದ್ಧರನ್ನು ಮದುವೆಯಾಗಿ, ಆ ಮನೆಯ ಪೂಜೆಪುನಸ್ಕಾರಗಳಲ್ಲೇ ಮುದುಕಿಯಾದವರು. ಚೀಟಿಯಲ್ಲಿ ಮಾತ್ರ ಹುಟ್ಟಿನ ಮುಸ್ಲಿಂ ಹೆಸರೇ ಉಳಿದಿತ್ತು. ಹೆಣವನ್ನು ಯಾರು ಒಯ್ಯಬೇಕೆಂದು ತೀರ್ಮಾನವಾಗದೆ ಮನೆಯವರು ದಿನಗಟ್ಟಲೆ ಕಾದರು. ಈ ಸಲ ಷರಿಯಾ ನ್ಯಾಯಾಲಯ ಮುಸ್ಲಿಮರಲ್ಲದ ಮಕ್ಕಳ ಸಾಕ್ಷ್ಯವನ್ನು ಕೇಳಿತು. ಅಮ್ಮ ಹೇಗೆ ಬದುಕಿದರು, ಯಾರಿಗೆ ಕೈಮುಗಿದರು ಎಂದು ಮಕ್ಕಳು ಹೇಳಿದರು. ಆಕೆ ಸಾಯುವಾಗ ಮುಸ್ಲಿಮಳಾಗಿರಲಿಲ್ಲ ಎಂದು ನ್ಯಾಯಾಧೀಶರು ಆದೇಶ ಬರೆದರು. ಮಕ್ಕಳು ಬೌದ್ಧ ವಿಧಿಯಂತೆ ಮಣ್ಣು ಮಾಡಿದರು.

ನಮಸ್ಕಾರ.